ಕನಸಿನ ಡ್ರ್ಯಾಗನ್ ಬೇಕೇ? ಜೋಡಿ ಕಟ್ಟುವ ಮೊದಲು ಬಣ್ಣದ ಲೆಕ್ಕ ಹಾಕಿ

ಡ್ರ್ಯಾಗನ್ ಸಾಕಿ ಮರಿ ಮಾಡಿಸುವ ಆನ್‌ಲೈನ್ ಆಟ ಫ್ಲೈಟ್ ರೈಸಿಂಗ್ ಆಡುವವರು ಬ್ರೀಡಿಂಗ್ ಶುರು ಮಾಡುವುದು ಹೆಚ್ಚುಕಡಿಮೆ ಒಂದೇ ರೀತಿ. ಒಂದು ಚಂದದ ಗಂಡು ಸಿಗುತ್ತದೆ, ಒಂದು ಚಂದದ ಹೆಣ್ಣು ಸಿಗುತ್ತದೆ, ಎರಡನ್ನೂ ಗೂಡಿಗೆ ಬಿಡುತ್ತಾರೆ. ಹುಟ್ಟಿದ ಮರಿಯಲ್ಲಿ ಅಪ್ಪನ ಚಂದವೂ ಇಲ್ಲ, ಅಮ್ಮನ ಚಂದವೂ ಇಲ್ಲ. ಇನ್ನೊಂದು ಸಲ ನೋಡೋಣ ಅಂತ ಕಾಯುತ್ತಾರೆ. ಹೀಗೇ ತಿಂಗಳುಗಳು ಕಳೆಯುತ್ತವೆ. ಕೊನೆಗೆ ‘ನಂಗೆ ಅದೃಷ್ಟವೇ ಇಲ್ಲ’ ಅಂತ ಕೈಬಿಡುತ್ತಾರೆ. ಇದನ್ನು ನೋಡಿ ನೋಡಿ ಬೇಸರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಅವರ ಜೋಡಿಯ ಲೆಕ್ಕ ಹಾಕಿ ನೋಡಿದರೆ, ಬೇಕಾದ ಮರಿ ಹುಟ್ಟುವ ಸಾಧ್ಯತೆ ಸಾವಿರಕ್ಕೆ ಒಂದು ಇರುತ್ತದೆ. ಅದು ಮೊದಲೇ ಗೊತ್ತಾಗಿದ್ದರೆ ಅವರು ಆ ಜೋಡಿಯನ್ನು ಕಟ್ಟುತ್ತಲೇ ಇರಲಿಲ್ಲ.

ಮೊದಲು ಮರಿ, ಆಮೇಲೆ ಅಪ್ಪ ಅಮ್ಮ

ಪ್ರಾಜೆಕ್ಟ್ ಅಂದರೆ ಕೊನೆಗೆ ಬರಬೇಕಾದ ಮರಿಯ ಚಿತ್ರ. ಅದನ್ನು ಮೊದಲು ನಿರ್ಧರಿಸಿ. ಆಟದೊಳಗೆ ಸ್ಕ್ರೈಯಿಂಗ್ ವರ್ಕ್‌ಶಾಪ್ ಅಂತ ಒಂದು ಜಾಗ ಇದೆ. ಅಲ್ಲಿ ಯಾವ ತಳಿ, ಯಾವ ಬಣ್ಣ, ಯಾವ ಜೀನ್ (ಮೈಮೇಲಿನ ವಿನ್ಯಾಸ) ಬೇಕಾದರೂ ಕೂಡಿಸಿ ಚಿತ್ರ ನೋಡಬಹುದು. ಇದಕ್ಕೆ ಖರ್ಚಿಲ್ಲ. ಒಂದು ಸಂಜೆ ಪೂರ್ತಿ ಅಲ್ಲೇ ಕಳೆದರೂ ನಷ್ಟವಿಲ್ಲ.

ಪ್ರತಿ ಡ್ರ್ಯಾಗನ್‌ಗೆ ಮೂರು ಬಣ್ಣ ಇರುತ್ತದೆ. ಪ್ರೈಮರಿ ಮೈಗೆ, ಸೆಕೆಂಡರಿ ರೆಕ್ಕೆಗೆ, ಟರ್ಷಿಯರಿ ಮೇಲಿನ ಗುರುತು, ಅಲಂಕಾರಗಳಿಗೆ. ಮೂರಕ್ಕೂ ಒಂದೊಂದು ಜೀನ್. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಟರ್ಷಿಯರಿಯಲ್ಲಿ ಬೇಸಿಕ್, ಅಂದರೆ ವಿನ್ಯಾಸವಿಲ್ಲದ ಸಾದಾ ಜೀನ್ ಇದ್ದರೆ ಆ ಬಣ್ಣ ಕಾಣುವುದೇ ಇಲ್ಲ. ಮರಿ ಎರಡೇ ಬಣ್ಣದ್ದು ಅಂತ ಕಂಡರೂ ಮೂರನೆಯದು ಒಳಗೆ ಅಡಗಿರುತ್ತದೆ. ಎರಡು, ಅದೇ ಬಣ್ಣ ಬೇರೆ ಬೇರೆ ಜೀನ್‌ನಲ್ಲಿ ಬೇರೆಯೇ ಕಾಣುತ್ತದೆ. ಇರಿಡೆಸೆಂಟ್, ಶಿಮರ್ ಹಾಕಿದಾಗ ಬಣ್ಣದ ಜೊತೆ ಬೇರೆ ಛಾಯೆಗಳೂ ಇಣುಕುತ್ತವೆ. ಬಣ್ಣದ ಹೆಸರು ನೋಡಿ ಆರಿಸಬೇಡಿ, ಬೇಕಾದ ಜೀನ್ ಹಾಕಿ ನೋಡಿಯೇ ಆರಿಸಿ.

ನನ್ನ ಕಡೆಯಿಂದ ಒಂದು ಖಡಕ್ ಸಲಹೆ: ಮೂರರಲ್ಲಿ ಯಾವ ಬಣ್ಣದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಹುದು ಅಂತ ಈಗಲೇ ಬರೆದಿಡಿ. ಟರ್ಷಿಯರಿ ನಾಲ್ಕು ಬಣ್ಣ ಆಚೀಚೆ ಆದರೂ ಪರವಾಗಿಲ್ಲ ಅನ್ನಿಸಿದರೆ ಪ್ರಾಜೆಕ್ಟ್‌ನ ಭಾರ ಅರ್ಧಕ್ಕರ್ಧ ಇಳಿಯುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಬಣ್ಣದ ಚಕ್ರ: ಎಲ್ಲರೂ ಎಡವುವ ಜಾಗ

2013ರಲ್ಲಿ ಶುರುವಾದ ಈ ಆಟದಲ್ಲಿ ಆಗ 67 ಬಣ್ಣಗಳಿದ್ದವು. ಈಗ 177 ಇವೆ. 67 ಬಣ್ಣದ ಹಳೆಯ ಪಟ್ಟಿಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಅವನ್ನು ಮುಟ್ಟಬೇಡಿ, ಇಡೀ ಲೆಕ್ಕ ಕೆಡುತ್ತದೆ.

ಈ 177 ಬಣ್ಣಗಳು ಒಂದು ಚಕ್ರದಲ್ಲಿ ಸಾಲಾಗಿ ಕೂತಿವೆ. ಕೊನೆಯ ಬಣ್ಣದ ಪಕ್ಕದಲ್ಲಿ ಮತ್ತೆ ಮೊದಲನೆಯದು. ಅಪ್ಪನ ಬಣ್ಣ ಒಂದು ಕಡೆ, ಅಮ್ಮನದು ಇನ್ನೊಂದು ಕಡೆ. ಮರಿಯ ಬಣ್ಣ ಈ ಎರಡರ ನಡುವಿನ ಯಾವುದಾದರೂ ಒಂದು ಆಗಬಹುದು. ಎರಡು ತುದಿಗಳೂ ಲೆಕ್ಕಕ್ಕೆ ಸೇರುತ್ತವೆ. ಈ ನಡುವಿನ ಸಾಲಿಗೆ ಆಟಗಾರರು ರೇಂಜ್ ಅನ್ನುತ್ತಾರೆ.

ಇಲ್ಲಿ ಬಣ್ಣಗಳು ಬೆರೆಯುವುದಿಲ್ಲ. ಬಿಳಿ ಮತ್ತು ಕಪ್ಪು ಕೂಡಿಸಿದರೆ ಒಂದು ಹದವಾದ ಬೂದು ಬರುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಚಕ್ರದಲ್ಲಿ ಬಿಳಿಯಿಂದ ಕಪ್ಪಿನವರೆಗೆ ಹದಿನೈದಕ್ಕಿಂತ ಜಾಸ್ತಿ ಬಣ್ಣಗಳಿವೆ. ಅದರಲ್ಲಿ ಯಾವುದು ಬೇಕಾದರೂ ಬರಬಹುದು, ಎಲ್ಲಕ್ಕೂ ಸಮಾನ ಸಾಧ್ಯತೆ. ನಡುವಿನದಕ್ಕೆ ಹೆಚ್ಚು ಅವಕಾಶ ಅಂತ ಇಲ್ಲ. ತಂದೆ ತಾಯಿಯ ಬಣ್ಣಕ್ಕೂ ಹೆಚ್ಚು ಅವಕಾಶ ಇಲ್ಲ.

ಇನ್ನೊಂದು ಮುಖ್ಯ ನಿಯಮ: ರೇಂಜ್ ಯಾವಾಗಲೂ ಚಕ್ರದ ಹತ್ತಿರದ ದಾರಿ ಹಿಡಿಯುತ್ತದೆ. ಅಪ್ಪನ ಬಣ್ಣ 170ನೇ ಸ್ಥಾನದಲ್ಲಿ, ಅಮ್ಮನದು 6ರಲ್ಲಿ ಅಂತಿಟ್ಟುಕೊಳ್ಳಿ. ಕಳೆದು ನೋಡಿದರೆ ತುಂಬಾ ದೂರ ಅನ್ನಿಸುತ್ತದೆ. ಆದರೆ 170ರಿಂದ 177ರವರೆಗೆ 8 ಬಣ್ಣ, 1ರಿಂದ 6ರವರೆಗೆ 6 ಬಣ್ಣ, ಒಟ್ಟು 14 ಅಷ್ಟೇ. ಒಳ್ಳೆಯ ಜೋಡಿ!

ಇದಕ್ಕೆ ಉಲ್ಟಾ ಪ್ರಕರಣವೇ ಜಾಸ್ತಿ ಜನರನ್ನು ಕೆಡಿಸುವುದು. ಅಪ್ಪ 10ರಲ್ಲಿ, ಅಮ್ಮ 100ರಲ್ಲಿ. ನಿಮಗೆ ಬೇಕಾದ ಬಣ್ಣ 50ರಲ್ಲಿ. ನಡುವೆಯೇ ಇದೆಯಲ್ಲ ಅಂತ ಜೋಡಿ ಮಾಡುತ್ತೀರಿ. ಈ ಕಡೆಯಿಂದ ದೂರ 90 ಹೆಜ್ಜೆ, ಆ ಕಡೆಯಿಂದ 87. ಹಾಗಾಗಿ ರೇಂಜ್ ಆ ಕಡೆಯಿಂದ ಸುತ್ತಿ ಹೋಗುತ್ತದೆ. 50ನೇ ಬಣ್ಣ ಈ ಜೋಡಿಗೆ ಯಾವತ್ತೂ ಹುಟ್ಟುವುದಿಲ್ಲ. ಎಷ್ಟು ವರ್ಷ ಕಾದರೂ ಅಷ್ಟೇ. ಎರಡು ಬಣ್ಣಗಳ ಅಂತರ 88 ದಾಟಿತು ಅಂದರೆ ದಾರಿ ತಿರುಗಿತು ಅಂತ ನೆನಪಿಟ್ಟುಕೊಳ್ಳಿ.

ಈಗ ಗುಣಾಕಾರಕ್ಕೆ ಬರೋಣ. ಮೂರು ಬಣ್ಣಗಳೂ ಬೇರೆ ಬೇರೆಯಾಗಿ ತೀರ್ಮಾನವಾಗುತ್ತವೆ. ಹಾಗಾಗಿ ಮೂರು ರೇಂಜ್‌ಗಳನ್ನು ಗುಣಿಸಬೇಕು. ಮೂರರಲ್ಲೂ ಹತ್ತು ಹತ್ತು ಬಣ್ಣದ ರೇಂಜ್ ಇದ್ದರೆ 10×10×10, ಅಂದರೆ ಸಾವಿರಕ್ಕೆ ಒಂದು ಮರಿ. ನಾಲ್ಕು ನಾಲ್ಕು ಇದ್ದರೆ 64ಕ್ಕೆ ಒಂದು. ನೋಡಲು ಅಪ್ಪ ಅಮ್ಮ ಅವಳಿಗಳ ಹಾಗೆ ಇದ್ದರೂ 64! ಪ್ರೈಮರಿ ಎರಡಕ್ಕೂ ಒಂದೇ, ಸೆಕೆಂಡರಿಯಲ್ಲಿ 3, ಟರ್ಷಿಯರಿಯಲ್ಲಿ 5 ಇದ್ದರೆ 15ಕ್ಕೆ ಒಂದು. ಟರ್ಷಿಯರಿಯಲ್ಲಿ ಆ ಐದರಲ್ಲಿ ಯಾವುದಾದರೂ ಸರಿ ಅಂತ ನೀವು ಮೊದಲೇ ಬರೆದಿಟ್ಟಿದ್ದರೆ? 3ಕ್ಕೆ ಒಂದು. ರಾಜಿ ಮಾಡಿಕೊಳ್ಳಿ ಅಂತ ಹೇಳಿದ್ದು ಇದಕ್ಕೇ.

15ಕ್ಕೆ ಒಂದು ಅಂದರೆ ಹದಿನೈದನೇ ಮರಿ ಖಂಡಿತ ಸರಿಯಾಗಿ ಬರುತ್ತದೆ ಅಂತಲ್ಲ. ಹದಿನೈದು ಮರಿಗಳಾದರೂ ಸಿಗದೆ ಇರುವ ಸಾಧ್ಯತೆ ನೂರಕ್ಕೆ 35ರಷ್ಟಿದೆ. ನೂರಕ್ಕೆ 90ರ ಭರವಸೆ ಬೇಕಾದರೆ 34 ಮರಿಗಳ ತನಕ ಲೆಕ್ಕ ಇಟ್ಟುಕೊಳ್ಳಿ. ಒಂದು ಸಲಕ್ಕೆ ಗೂಡಿನಲ್ಲಿ ಹೆಚ್ಚಾಗಿ ಎರಡೋ ಮೂರೋ ಮೊಟ್ಟೆ ಇರುತ್ತವೆ. ಅಲ್ಲಿಗೆ ಹದಿಮೂರು ಹದಿನಾಲ್ಕು ಸಲ ಗೂಡು ಕಟ್ಟಬೇಕಾಗಬಹುದು. ಬೇಕಾದ ಮರಿ ಹೆಣ್ಣೇ ಆಗಬೇಕು ಅಥವಾ ಗಂಡೇ ಆಗಬೇಕು ಅಂದರೆ ಸಾಧ್ಯತೆ ಇನ್ನೂ ಅರ್ಧವಾಗುತ್ತದೆ.

ನನ್ನ ಮಿತಿ ಇಷ್ಟು: 30ಕ್ಕೆ ಒಂದಕ್ಕಿಂತ ಕೆಟ್ಟ ಲೆಕ್ಕ ಬಂದರೆ ಆ ಜೋಡಿ ಬೇಡ. ಇನ್ನೂ ಹತ್ತಿರದ ಬಣ್ಣದ ಅಪ್ಪನನ್ನೋ ಅಮ್ಮನನ್ನೋ ಹುಡುಕಿ.

ಜೋಡಿ ಹುಡುಕುವುದು

ಹರಾಜು ಕಟ್ಟೆಯಲ್ಲಿ, ಅಂದರೆ ಆಕ್ಷನ್ ಹೌಸ್‌ನಲ್ಲಿ, ಬಣ್ಣದ ರೇಂಜ್ ಹಾಕಿ ಹುಡುಕುವ ಸೌಲಭ್ಯ ಇದೆ. ನಿಮಗೆ ಬೇಕಾದ ಬಣ್ಣಕ್ಕೆ ಎರಡು ಸ್ಥಾನ ಹಿಂದೆ, ಎರಡು ಸ್ಥಾನ ಮುಂದೆ ಹಾಕಿ. ತಳಿ, ಜೀನ್ ಎರಡನ್ನೂ ಖಾಲಿ ಬಿಡಿ. ಬೇಸಿಕ್ ಜೀನ್‌ನ, ಯಾರಿಗೂ ಬೇಡವಾದ ಮರಿಗಳು ತೀರಾ ಅಗ್ಗಕ್ಕೆ ಸಿಗುತ್ತವೆ. ಬಣ್ಣ ಸರಿಯಿದ್ದರೆ ಅವೇ ಚಿನ್ನ.

ಮಾರುವವರು ಜೋಡಿಗೆ ಹುಟ್ಟಬಹುದಾದ ಮರಿಗಳ ಚಿತ್ರ ಹಾಕಿರುತ್ತಾರೆ. ಅದನ್ನು ನಂಬಬೇಡಿ. ಮರಿಗಳ ಮಾದರಿ ತೋರಿಸುವ ಉಪಕರಣವನ್ನು ಮತ್ತೆ ಮತ್ತೆ ಒತ್ತಿದರೆ ಎಂಥ ಜೋಡಿಗೂ ಒಂದು ಚಂದದ ಚಿತ್ರ ಸಿಕ್ಕೇ ಸಿಗುತ್ತದೆ. ನೀವು ರೇಂಜ್ ಎಣಿಸಿ, ಸಾಕು.

ಬಣ್ಣವನ್ನೇ ಬದಲಿಸುವ ಸ್ಕ್ಯಾಟರ್‌ಸ್ಕ್ರೋಲ್ ಕೊಂಡು ಕೆಲಸ ಮುಗಿಸೋಣ ಅನ್ನುವವರೂ ಇದ್ದಾರೆ. ಅದು ಮನಬಂದಂತೆ ಬಣ್ಣ ಹಾಕುವ ವಸ್ತು. ಮೂರೂ ಬಣ್ಣ ನೀವು ಬಯಸಿದ ಹಾಗೇ ಬರುವ ಸಾಧ್ಯತೆ 177×177×177ಕ್ಕೆ ಒಂದು, ಅಂದರೆ 55 ಲಕ್ಷಕ್ಕೂ ಹೆಚ್ಚಿಗೆ ಒಂದು. ಇಟ್ಟ ಗುರಿ ತಲುಪಲು ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಆಟದ ಹಣವಾದ ಜೆಮ್ಸ್ ಉಳಿಸಿ.

ಇನ್ನು ಸಂಬಂಧ. ಐದು ತಲೆಮಾರಿನೊಳಗೆ ಒಂದೇ ಪೂರ್ವಜ ಇರುವ ಡ್ರ್ಯಾಗನ್‌ಗಳನ್ನು ಆಟ ಜೋಡಿ ಮಾಡಲು ಬಿಡುವುದಿಲ್ಲ. ಒಂದೇ ತಲೆಮಾರಿನ ಪ್ರಾಜೆಕ್ಟ್‌ಗೆ ಇದು ತೊಂದರೆಯಲ್ಲ. ಎರಡು ಮೂರು ತಲೆಮಾರಿನಲ್ಲಿ ರೇಂಜ್ ಕಿರಿದು ಮಾಡುತ್ತಾ ಹೋಗುವ ಯೋಜನೆ ಇದ್ದರೆ ಮೊದಲೇ ಕಾಗದದ ಮೇಲೆ ವಂಶವೃಕ್ಷ ಬರೆಯಿರಿ. ಕೊನೆಯ ಜೋಡಿಯ ಗಂಡು ಒಂದು ವಂಶದ್ದು, ಹೆಣ್ಣು ಪೂರಾ ಬೇರೆ ವಂಶದ್ದು ಆಗಿರಬೇಕು. ಅಜ್ಜ ಅಜ್ಜಿಯರ ಮಟ್ಟಕ್ಕೆ ಹೋದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ಡ್ರ್ಯಾಗನ್ ಬೇಕು. ಒಂದೇ ಜೋಡಿಯ ಮಕ್ಕಳನ್ನು ಎರಡೂ ಕಡೆ ಬೆಳೆಸಿ, ಕೊನೆಯಲ್ಲಿ ಕೂಡಿಸಲಾಗದೆ ಪೇಚಾಡಿದವರನ್ನು ತುಂಬಾ ನೋಡಿದ್ದೇನೆ.

ನಡುವಿನ ತಲೆಮಾರಿಗೆ ಗುರಿ ಸಡಿಲವಾಗಿರಲಿ. 20 ಮತ್ತು 60ರ ಜೋಡಿಯಿಂದ ಕರಾರುವಾಕ್ಕಾಗಿ 40 ಬರುವುದು 41ಕ್ಕೆ ಒಂದು ಸಲ. 38ರಿಂದ 42ರೊಳಗೆ ಯಾವುದಾದರೂ ಸರಿ ಅಂದರೆ ಸುಮಾರು 8ಕ್ಕೆ ಒಂದು. ಎರಡೂ ವಂಶದಿಂದ ಅಂಥ ಒಂದೊಂದು ಮರಿ ಸಿಕ್ಕರೆ, 40 ಅವುಗಳ ನಡುವೆ ಬೀಳುವ ಹಾಗೆ ಒಂದು 40ರ ಈಚೆ, ಇನ್ನೊಂದು ಆಚೆ ಇರಲಿ. ಆಗ ಮುಂದಿನ ಜೋಡಿಯ ರೇಂಜ್ ಐದಕ್ಕಿಂತ ಜಾಸ್ತಿ ಆಗುವುದಿಲ್ಲ.

ಏನ್ಷಿಯಂಟ್ ತಳಿಗಳ ಕಥೆ ಬೇರೆ. ಗಾವೊಲರ್ ಆದರೆ ಗಾವೊಲರ್ ಜೊತೆಗೇ ಜೋಡಿಯಾಗಬೇಕು, ಬೇರೆ ತಳಿ ಒಪ್ಪುವುದಿಲ್ಲ. ಅವುಗಳ ಜೀನ್‌ಗಳೂ ಬೇರೆ. ಮೊದಲ ಪ್ರಾಜೆಕ್ಟ್‌ಗೆ ಅವು ಬೇಡ.

ತಳಿ ಮತ್ತು ಜೀನ್: ಆತುರ ಬೇಡ

ತಳಿ ಅಪರೂಪದ್ದಾದಷ್ಟೂ ಮೊಟ್ಟೆ ಇಟ್ಟ ಮೇಲಿನ ವಿಶ್ರಾಂತಿ ಜಾಸ್ತಿ. ಫೇ, ಗಾರ್ಡಿಯನ್, ಮಿರರ್, ಟುಂಡ್ರಾ ಥರದ ಸಾಮಾನ್ಯ ತಳಿಗಳು 15 ದಿನಕ್ಕೆ ಮತ್ತೆ ಸಿದ್ಧ. ಕೋಟಲ್‌ನಂಥವು 35 ದಿನ ಕಾಯಿಸುತ್ತವೆ. ಬಣ್ಣದ ಬೇಟೆ ನಡೆಯುವಾಗ ಎರಡೂ ಕಡೆ ಸಾಮಾನ್ಯ ತಳಿಯೇ ಇರಲಿ. ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಮರಿ ಸಿಗುತ್ತವೆ. ಬೇಕಾದ ಬಣ್ಣ ಸಿಕ್ಕ ಮೇಲೆ ಆ ಮರಿಗೆ ತಳಿ ಬದಲಿಸುವ ಸ್ಕ್ರೋಲ್ ಹಾಕಿದರಾಯಿತು. ಬಣ್ಣ ಹಾಗೇ ಉಳಿಯುತ್ತದೆ.

ಜೀನ್ ವಿಷಯದಲ್ಲೂ ಅಷ್ಟೇ. ಅಪ್ಪನಿಗೆ ಅಪರೂಪದ ಜೀನ್, ಅಮ್ಮನಿಗೆ ಬೇಸಿಕ್ ಇದ್ದರೆ ಮರಿಗಳಲ್ಲಿ ಹೆಚ್ಚಿನವು ಬೇಸಿಕ್ ಆಗಿಯೇ ಹುಟ್ಟುತ್ತವೆ. ಇಬ್ಬರಿಗೂ ಒಂದೇ ಜೀನ್ ಇದ್ದರೆ ಎಲ್ಲ ಮರಿಗೂ ಅದೇ ಬರುತ್ತದೆ. ಹಾಗಂತ ಎರಡೂ ಡ್ರ್ಯಾಗನ್‌ಗೆ ದುಬಾರಿ ಸ್ಕ್ರೋಲ್ ಸುರಿಯಬೇಕೇ? ಮರಿ ನಿಮ್ಮ ಸ್ವಂತಕ್ಕೆ ಅಂದರೆ ಬೇಡವೇ ಬೇಡ. ಗೆದ್ದ ಮರಿ ಒಂದಕ್ಕೆ ಜೀನ್ ಹಾಕಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. ಮಾರುವುದಕ್ಕೆ ಬ್ರೀಡ್ ಮಾಡುವವರು ಮಾತ್ರ ಅಪ್ಪ ಅಮ್ಮ ಇಬ್ಬರಿಗೂ ಹಾಕಲಿ. ಅದೂ ಸ್ಟಾರ್‌ಮ್ಯಾಪ್ ಹಾಕಿದ ಮೈಗೆ ರೆಕ್ಕೆಯಲ್ಲಿ ಕಾನ್‌ಸ್ಟಲೇಷನ್ ಅನ್ನುವ ಹಾಗೆ ಹೊಂದುವ ಜೋಡಿ ಜೀನ್ ಇದ್ದರೆ ಮಾತ್ರ. ಅರ್ಧಂಬರ್ಧ ಜೀನ್ ಹಾಕಿದ ಮರಿಗಳು ಹರಾಜಿನಲ್ಲಿ ಕೂತಲ್ಲೇ ಕೂರುತ್ತವೆ.

ಗೂಡು, ಕಣ್ಣು, ಉಳಿದ ಮರಿಗಳು

ಗೂಡಿಗೆ ಬಿಟ್ಟ ಮೇಲೆ ಕೆಲಸ ಸುಲಭ. ದಿನಕ್ಕೊಂದು ಸಲ ಕಾವು ಕೊಡುವ ಬಟನ್ ಒತ್ತಬೇಕು, ಐದು ದಿನ. ಒಂದು ದಿನ ಮರೆತರೆ ಮೊಟ್ಟೆ ಕೆಡುವುದಿಲ್ಲ, ಒಂದು ದಿನ ತಡ ಅಷ್ಟೇ.

ಕಣ್ಣಿನ ಬಣ್ಣ ಮಾತ್ರ ಗೂಡು ಯಾರದ್ದು ಅನ್ನುವುದರ ಮೇಲೆ ನಿಂತಿದೆ. ಆಟದಲ್ಲಿ 11 ಫ್ಲೈಟ್‌ಗಳಿವೆ, ಅಂದರೆ ಆಟಗಾರರು ಸೇರುವ ಬಣಗಳು: ಬೆಂಕಿ, ನೀರು, ಗಾಳಿ, ನೆರಳು ಹೀಗೆ. ಮರಿ ಯಾವ ಫ್ಲೈಟ್‌ನವರ ಗೂಡಿನಲ್ಲಿ ಹುಟ್ಟುತ್ತದೋ ಆ ಕಣ್ಣು. ನಿಮ್ಮದು ಬೆಂಕಿ, ಮರಿಗೆ ಹಿಮದ ಕಣ್ಣು ಬೇಕು ಅಂದರೆ ಹಿಮದ ಕಡೆಯ ಗೆಳೆಯರ ಗೂಡು ಬಾಡಿಗೆಗೆ ಕೇಳಿ. ಇದು ಆಟದಲ್ಲಿ ಸಾಮಾನ್ಯ ವ್ಯವಹಾರ. ಹೊಳೆಯುವ ಕಣ್ಣು, ಪ್ರೈಮಲ್ ಕಣ್ಣು ಮುಂತಾದ ವಿಧಗಳು ಅಪ್ಪ ಅಮ್ಮನಿಂದ ಬರುವುದಿಲ್ಲ. ಅವುಗಳಿಗೋಸ್ಕರ ಜೋಡಿ ಆರಿಸಬೇಡಿ. ಪ್ರೈಮಲ್ ಕಣ್ಣಿನ ತಾಯಿ ಅಂತ ದುಬಾರಿ ಬೆಲೆ ಕೊಟ್ಟು ಕೊಳ್ಳುವುದು ಸುಮ್ನೆ ದಂಡ.

ಒಂದು ನೋಟ್‌ಬುಕ್ ಇಡಿ. ಜೋಡಿ, ಮೂರು ರೇಂಜ್, ಸಾಧ್ಯತೆ, ಮುಂದೆ ಯಾವತ್ತು ಸಿದ್ಧವಾಗುತ್ತವೆ, ಇಷ್ಟು ಬರೆದರೆ ಸಾಕು. ನಾಲ್ಕಾರು ಪ್ರಾಜೆಕ್ಟ್ ಒಟ್ಟಿಗೆ ನಡೆಸುವಾಗ ಇದಿಲ್ಲದೆ ಆಗುವುದಿಲ್ಲ.

ಬೇಡದ ಮರಿಗಳು ರಾಶಿ ಬೀಳುತ್ತವೆ, ಜಾಗ ಸಾಲುವುದಿಲ್ಲ. ಪ್ರತಿ ಮರಿಯನ್ನೂ ಕಳಿಸುವ ಮೊದಲು ಅದರ ಬಣ್ಣವನ್ನು ನಿಮ್ಮ ಬೇರೆ ಪ್ರಾಜೆಕ್ಟ್‌ಗಳ ಪಟ್ಟಿಯ ಜೊತೆ ಹೋಲಿಸಿ ನೋಡಿ. ನೋಡಲು ಸಪ್ಪೆಯಾದ ಮರಿ ಇನ್ನೊಂದು ವಂಶಕ್ಕೆ ಸರಿಯಾದ ಅಪ್ಪ ಆಗಬಹುದು. ಎಕ್ಸಾಲ್ಟ್ ಮಾಡಿದರೆ, ಅಂದರೆ ಫ್ಲೈಟ್‌ನ ದೇವತೆಯ ಸೇವೆಗೆ ಕಳಿಸಿದರೆ, ಆ ಡ್ರ್ಯಾಗನ್ ವಾಪಸ್ ಬರುವುದಿಲ್ಲ, ಅದಕ್ಕೇ ಅದು ಕೊನೆಯ ಆಯ್ಕೆಯಾಗಿರಲಿ. ಮಾರುವುದಾದರೆ ಒಂದೇ ಸಲ ಎಲ್ಲವನ್ನೂ ಹರಾಜಿಗೆ ಹಾಕಬೇಡಿ, ನಿಮ್ಮ ಮರಿಗಳೇ ಒಂದಕ್ಕೊಂದು ಬೆಲೆ ಇಳಿಸುತ್ತವೆ. ಗುರಿ ಮುಟ್ಟಿದ ಮೇಲೆ ಅಪ್ಪ ಅಮ್ಮನನ್ನು ಬೇರೆ ಮಾಡದೆ ಜೋಡಿಯಾಗಿಯೇ, ರೇಂಜ್ ಲೆಕ್ಕವನ್ನು ಬರೆದು ಮಾರಿ. ಅದೇ ಬಣ್ಣ ಹುಡುಕುತ್ತಿರುವ ಇನ್ನೊಬ್ಬರು ಎಲ್ಲೋ ಇದ್ದೇ ಇರುತ್ತಾರೆ, ಅವರಿಗೆ ನಿಮ್ಮ ಹಾಗೆ ತಿಂಗಳುಗಟ್ಟಲೆ ಹುಡುಕುವುದು ತಪ್ಪುತ್ತದೆ.