ಜಿಂಕೆ ಚರ್ಮ ಸಿಕ್ಕಿತಾ? ವಿಸ್ಕಾನ್ಸಿನ್ ಕನ್ನಡಿಗರಿಗೆ ಬಸವನಗುಡಿಯಿಂದ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆರು ವರ್ಷ ಇದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಜಿಂಕೆ ಬೇಟೆಯ ಕಾಲವಾದ ನವೆಂಬರ್ ಬಂತೆಂದರೆ ಅಲ್ಲಿನ ನಮ್ಮ ಹುಡುಗರ ಫೋನ್ ಶುರು. ‘ಅಣ್ಣ, ಪಕ್ಕದ ಮನೆಯವರು ಜಿಂಕೆ ಹೊಡೆದಿದ್ದಾರೆ, ಚರ್ಮ ಬೇಕಾ ಅಂತ ಕೇಳ್ತಿದ್ದಾರೆ. ಏನು ಮಾಡಲಿ?’

ತಗೊಳ್ಳಿ. ಆದರೆ ಮೊದಲು ನೋಂದಣಿ ನಂಬರ್ ಕೇಳಿ. ಅಲ್ಲಿ ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ರಾಜ್ಯದ ಇಲಾಖೆಯಲ್ಲಿ ನೋಂದಾಯಿಸಲೇಬೇಕು. ಆ ನಂಬರ್, ತಾರೀಖು, ಕೊಟ್ಟವರ ಹೆಸರು ಮೂರನ್ನೂ ಚೀಟಿಯಲ್ಲಿ ಬರೆದು ಚರ್ಮದ ಜೊತೆಗೇ ಇಡಿ.

ನೀವೇ ಬೇಟೆಗೆ ಹೋಗುವ ಆಸೆಯಿದ್ದರೆ, 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಷನ್ ಕೋರ್ಸ್ ಕಡ್ಡಾಯ. ಎಚ್1ಬಿ ಎಂಬ ಕೆಲಸದ ವೀಸಾದವರು ಇನ್ನೂ ಹುಷಾರಾಗಿರಬೇಕು. ಬೇಟೆ ಲೈಸೆನ್ಸ್ ಕೈಗೆ ಬರುವ ತನಕ ಬಂದೂಕು ಇಟ್ಟುಕೊಂಡರೆ ಫೆಡರಲ್ ಅಪರಾಧ. ಗೆಳೆಯನ ಬಂದೂಕು ಹಿಡಿದು ಸುಮ್ನೆ ಒಂದು ಫೋಟೋ ಅಂತಲೂ ಹೋಗಬೇಡಿ.

ಇನ್ನು ಚರ್ಮ. ನನಗೆ ಸಿಕ್ಕ ಮೊದಲ ಚರ್ಮವನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ದಿನ ಗ್ಯಾರೇಜಿನಲ್ಲಿ ಇಟ್ಟಿದ್ದೆ. ಬಿಡಿಸಿ ಹೊಟ್ಟೆಯ ಕಡೆ ಮುಟ್ಟಿದರೆ ಕೂದಲು ಗೊಂಚಲಾಗಿ ಬೆರಳಿಗೆ ಬಂತು. ಬಿಸಿ ಆರದ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೂದಲಿನ ಬೇರನ್ನೇ ಸಡಿಲ ಮಾಡಿತ್ತು. ಹಾಗಾದ ಮೇಲೆ ಯಾವ ಔಷಧಿಯೂ ಅದನ್ನು ಉಳಿಸುವುದಿಲ್ಲ. ತುಂಬಾ ಬೇಜಾರಾಯಿತು. ಒಂದು ಜೀವದ ಚರ್ಮ ಅದು, ಅಲ್ವಾ?

ಅದಕ್ಕೇ ಹೇಳುವುದು, ಅವತ್ತಿನ ಕೆಲಸ ಅವತ್ತೇ ಆಗಬೇಕು. ಆಗದಿದ್ದರೆ ಫ್ರೀಜರ್‌ಗೆ ಹಾಕಿ. ದಿಮ್ಮಿಯ ಮೇಲೆ ಹರವಿ, ಮಾಂಸ, ಕೊಬ್ಬು, ತೆಳು ಪೊರೆ ಎಲ್ಲ ಕೆರೆದು ತೆಗೆಯಿರಿ. ಕೊಬ್ಬು ಉಳಿದ ಕಡೆ ಉಪ್ಪು ಇಳಿಯುವುದಿಲ್ಲ. ಉಪ್ಪು ಪುಡಿಯಾಗಿರಲಿ, ಅಯೋಡಿನ್ ಇಲ್ಲದ್ದಾಗಿರಲಿ. ಚರ್ಮದ ತೂಕದಷ್ಟೇ ಉಪ್ಪು ಬೇಕು, ಜಿಪುಣತನ ಬೇಡ. ಅಂಚು, ಕಾಲಿನ ಮೂಲೆಗಳಿಗೆ ಜಾಸ್ತಿ ತಿಕ್ಕಿ, ಒಳಭಾಗ ಒಳಕ್ಕೆ ಮಡಚಿ, ಇಳಿಜಾರಿನಲ್ಲಿಡಿ. ರಾತ್ರಿಯೆಲ್ಲ ನೀರು ಸುರಿಯುತ್ತದೆ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಿ, ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ. ಹಪ್ಪಳದ ಹಾಗೆ ಗಟ್ಟಿಯಾದರೆ ಹದ ಮಾಡುವವರಿಗೆ ಕಳಿಸಬಹುದು.

ತಲೆ ಸಮೇತ ಸಿಕ್ಕರೆ ಬೇರೆ ರಾಜ್ಯಕ್ಕೆ ಒಯ್ಯುವ ಮೊದಲು ಅಲ್ಲಿನ ನಿಯಮ ನೋಡಿ. 2002ರಿಂದ ವಿಸ್ಕಾನ್ಸಿನ್ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಮೆದುಳಿನ ಕಾಯಿಲೆ ಇದೆ. ಹಾಗಾಗಿ ಮೆದುಳು, ಬೆನ್ನುಮೂಳೆ ಸಾಗಿಸಲು ಎಷ್ಟೋ ರಾಜ್ಯಗಳು ಬಿಡುವುದಿಲ್ಲ.

ಕೊನೆಗೆ ಊರಿನ ವಿಷಯ. ನಮ್ಮ ಮಾವ ಮೊಮ್ಮಗನ ಮುಂಜಿಗೆ ಜನಿವಾರಕ್ಕೆ ಕಟ್ಟಲು ಒಂದು ತುಂಡು ಜಿಂಕೆ ಚರ್ಮ ತರಲು ಹೇಳಿದ್ದರು. ತರಲಿಲ್ಲ. ವನ್ಯಜೀವಿಗಳ ವಸ್ತುಗಳನ್ನು ಲಗೇಜಿನಲ್ಲಿ ತರುವಂತಿಲ್ಲ. ಮುಂಜಿಗೆ ಹಿಂದಿನಿಂದ ಹೇಳುವ ಕೃಷ್ಣಮೃಗವಂತೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲೇ ಇದೆ. ಮಾವನಿಗೆ ಇದನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಪುರೋಹಿತರು ಚರ್ಮವಿಲ್ಲದೆಯೇ ಮುಂಜಿ ಮಾಡಿಸಿದರು.