ದೂರದಲ್ಲಿ ಆಡುವ ನಮ್ಮೂರ ತಂಡವನ್ನು ನೋಡಲು ಹೋಗುವುದು ಹೇಗೆ?

ಗುಲ್ಬರ್ಗಾ ಮಿಸ್ಟಿಕ್ಸ್ ನಮ್ಮೂರು ಕಲಬುರಗಿಯ ಹೆಸರಿನ ಕ್ರಿಕೆಟ್ ತಂಡ. 2022ರಲ್ಲಿ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಶುರುವಾದ ವರ್ಷವೇ ಮನೀಶ್ ಪಾಂಡೆ ನಾಯಕತ್ವದಲ್ಲಿ ಕಪ್ ಗೆದ್ದಿತು. ಆದರೆ ಆ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. 2024ರಲ್ಲಿ ಬೆಂಗಳೂರು, 2025ರಲ್ಲಿ ಮತ್ತೆ ಮೈಸೂರು. ಕಲಬುರಗಿಯ ಮಕ್ಕಳು ತಮ್ಮೂರ ತಂಡವನ್ನು ಟೀವಿಯಲ್ಲೇ ನೋಡಬೇಕು. ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಹೊಲಿಗೆ ಅಂಗಡಿಯಲ್ಲಿ ಆಗಸ್ಟ್ ಬಂತೆಂದರೆ ಇದೇ ಮಾತು, ಇದೇ ಬೇಜಾರು. ಬೇಜಾರು ಮಾಡಿಕೊಂಡು ಕೂರುವ ಬದಲು ಒಂದು ಪಂದ್ಯಕ್ಕಾದರೂ ಗುಂಪು ಕಟ್ಟಿಕೊಂಡು ಹೋಗೋಣ.

ವೇಳಾಪಟ್ಟಿ ಬಂದ ಕೂಡಲೇ ಎರಡು ವಿಷಯ ವಿಚಾರಿಸಿ. ಪಂದ್ಯ ಯಾವ ಊರಲ್ಲಿ? ಜನರನ್ನು ಒಳಗೆ ಬಿಡುತ್ತಾರಾ? ಇದು ಗೊತ್ತಾಗದೆ ರೈಲು ಟಿಕೆಟ್ ಮಾಡಬೇಡಿ. ಬೆಂಗಳೂರಿಗೆ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಮೈಸೂರಿಗೆ ಬಸವ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಹೊಟ್ಟೆ ತುಂಬಿಸಿಕೊಂಡೇ ಮೈದಾನಕ್ಕೆ ಹೋಗಿ. ಒಳಗೆ ತಿಂಡಿಗೂ ನೀರಿಗೂ ಜಾಸ್ತಿ ದುಡ್ಡು ಕೊಟ್ಟು ನನಗೆ ಸಾಕಾಗಿದೆ.

ಇನ್ನು ಬಟ್ಟೆಯ ವಿಷಯ. ಟೀ ಶರ್ಟ್ ಬೆನ್ನಿಗೆ ಆಟಗಾರರ ಹೆಸರು ಹಾಕಿಸಬೇಡಿ. ನಮ್ಮ ತಂಡದಲ್ಲಿದ್ದ ದೇವದತ್ತ ಪಡಿಕ್ಕಲ್ 2025ರಲ್ಲಿ ಹುಬ್ಬಳ್ಳಿ ಟೈಗರ್ಸ್‌ಗೆ ಹೋದರು. ಮನೀಶ್ ಪಾಂಡೆ ಮೊದಲು ಹುಬ್ಬಳ್ಳಿ, ಆಮೇಲೆ ಮೈಸೂರು ತಂಡದ ಪಾಲಾದರು. ಹರಾಜಿನಲ್ಲಿ ಹೀಗೆ ಆಗುತ್ತಲೇ ಇರುತ್ತದೆ, ನೋವೂ ಆಗುತ್ತದೆ. ಅದಕ್ಕೇ ‘ಕಲಬುರಗಿ’ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಊರಂತೂ ಹರಾಜಿಗೆ ಹೋಗುವುದಿಲ್ಲ, ಅಲ್ವಾ?

ಬ್ಯಾನರ್ ಅನ್ನು ಫ್ಲೆಕ್ಸ್‌ನಲ್ಲಿ ಮಾಡಿಸಬೇಡಿ. ಮಡಚಿದರೆ ಸೀಳುತ್ತದೆ. ಎರಡು ಮೀಟರ್ ಬಿಳಿ ಕಾಟನ್ ಬಟ್ಟೆ ತನ್ನಿ. ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕುಗ್ಗುವುದಿಲ್ಲ. ಸುತ್ತಲೂ ಅಂಚು ಮಡಚಿ ಎರಡು ಸಲ ಹೊಲಿಗೆ ಹಾಕಿ. ಎರಡೂ ತುದಿಗೆ ಅಂಗೈ ತೂರುವಷ್ಟು ಜೇಬು ಬಿಡಿ. ಕೋಲು ಇದ್ದರೆ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ, ಜೇಬಿದ್ದರೆ ಕೈಯಲ್ಲೇ ಹಿಡಿಯಬಹುದು. ಅಕ್ಷರ ಕನಿಷ್ಠ ಒಂದು ಗೇಣು ಎತ್ತರ ಇರಲಿ. ಬಟ್ಟೆಗೆ ಹಚ್ಚುವ ಬಣ್ಣವನ್ನೇ ಬಳಸಿ. ಆಗಸ್ಟ್‌ನ ಮಳೆಗೆ ಬೇರೆ ಬಣ್ಣ ಇಳಿದುಹೋಗುತ್ತದೆ.

ಮಳೆ ಬಂತೆಂದು ಎದ್ದು ಬರಬೇಡಿ. ಎರಡೂ ತಂಡಕ್ಕೆ 5 ಓವರ್ ಸಿಕ್ಕರೂ ಪಂದ್ಯದ ಫಲಿತಾಂಶ ಬರುತ್ತದೆ.

ಒಂದು ಮಾತು ಮಾತ್ರ ಎಲ್ಲಕ್ಕಿಂತ ಮುಖ್ಯ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮದ ಹೊತ್ತಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಅವರೂ ನಮ್ಮ ಹಾಗೆ ತಂಡವನ್ನು ಪ್ರೀತಿಸಿದವರು. ಗೇಟು ತೆರೆಯುವ ಹೊತ್ತಿಗೇ ತಲುಪಿ. ಜನ ಒತ್ತುತ್ತಿದ್ದರೆ ಪಕ್ಕಕ್ಕೆ ಸರಿದು ನಿಲ್ಲಿ. ಮೊದಲ ಓವರ್ ತಪ್ಪಿದರೆ ತಪ್ಪಲಿ. ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಗುಂಪು ಚದುರಿದರೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮೊದಲೇ ಗೊತ್ತುಮಾಡಿ.

ಊರಿಗೆ ಬಂದ ಮೇಲೆ ಕಲಬುರಗಿಯಲ್ಲಿ ಒಂದು ಪಂದ್ಯವಾದರೂ ಆಡಿಸಿ ಅಂತ ತಂಡದವರಿಗೆ ಪತ್ರ ಬರೆಯಿರಿ. ಹೋದವರೆಲ್ಲರ ಸಹಿ ಹಾಕಿಸಿ, ಬ್ಯಾನರ್ ಹಿಡಿದು ನಿಂತ ಫೋಟೋ ಜೊತೆಗಿಡಿ.