ಸುಳ್ಳು ಹೇಳುವ ಹುಲಿಗಿ

ನನ್ನ ಕಾದಂಬರಿಯ ಹುಡುಗಿಯ ಹೆಸರು ಹುಲಿಗೆಮ್ಮ. ವಯಸ್ಸು 16. ಮನೆಯಲ್ಲಿ ಹುಲಿಗಿ ಅಂತ ಕರೀತಾರೆ. ಟ್ಯೂಷನ್‌ಗೆ ಹೋದ ಮೊದಲ ದಿನ ಪಕ್ಕದಲ್ಲಿ ಕೂತವಳು ಹೆಸರು ಕೇಳಿದಾಗ ಮಾತ್ರ ಹರ್ಷಿತಾ ಅಂದಳು. ಅದು ಅವಳ ಮೊದಲ ಸುಳ್ಳೇನಲ್ಲ. ಆದರೆ ಪುಸ್ತಕ ಶುರುವಾಗುವುದು ಅಲ್ಲಿಂದಲೇ. ಈ ಶುರುವಿಗೆ ಬಂದು ಮುಟ್ಟಲು ನನಗೆ ಮೂರು ವರ್ಷ ಹಿಡಿಯಿತು, ನಾಲ್ಕು ಸಲ ಬರೆದೆ.

ಕಥೆ ನಡೆಯುವುದು ಬಳ್ಳಾರಿಯಲ್ಲಿ, ಈಗಿನ ಕಾಲದಲ್ಲಿ. ರಾಜ ಇಲ್ಲ, ಕುದುರೆ ಇಲ್ಲ. ಆಟೊ ಇದೆ, ಮೊಬೈಲ್ ಇದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿದೆ, ಅದಿರು ಲಾರಿ ಹೋದ ಮೇಲೆ ಏಳುವ ಕೆಂಪು ಧೂಳಿದೆ. ಎಲ್ಲವನ್ನೂ ಇದ್ದ ಹಾಗೇ ಇಟ್ಟು, ಇಲ್ಲದ ಒಂದೇ ಒಂದು ಸಂಗತಿಯನ್ನು ಅದರೊಳಗೆ ಸೇರಿಸಿದ್ದೇನೆ. ಅರ್ಬನ್ ಫ್ಯಾಂಟಸಿಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಊರು ನಮ್ಮದೇ, ಬೀದಿ ನಮ್ಮದೇ, ಆದರೆ ನೆಲ ಸ್ವಲ್ಪ ಕೆದಕಿದರೆ ಬೇರೆ ಏನೋ ಸಿಗುತ್ತದೆ.

ಆ ಒಂದು ಸಂಗತಿ ಏನು? ಹುಲಿಗಿಗೆ ಕಲ್ಲಿನ ಮಾತು ಕೇಳುತ್ತದೆ. ಕಲ್ಲಿನ ಹತ್ತಿರ ಯಾರು ಏನು ಮಾತಾಡಿದ್ದರೂ ಅದು ಕಲ್ಲಲ್ಲಿ ಉಳಿದಿರುತ್ತದೆ. ಅವಳು ಅಂಗೈ ಇಟ್ಟರೆ ಅಷ್ಟೂ ವಾಪಸ್ ಕೇಳುತ್ತದೆ.

ಇದನ್ನು ನಾನು ಗಾಳಿಯಿಂದ ತಂದಿದ್ದಲ್ಲ. ಬಳ್ಳಾರಿಯಿಂದ ಸ್ವಲ್ಪ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಿವೆ. ಹೊಸ ಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕಪ್ಪಗಲ್ಲಿನ ಗುಡ್ಡದ ಕರಿ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕೆತ್ತಿದ್ದಾರೆ. ಅದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಸಾವಿರಾರು ವರ್ಷದ ಹಿಂದೆ ಯಾರೋ ಬಡಿದೂ ಬಡಿದೂ ಆದ ಕುಳಿಗಳು ಅವು. ಆ ಕಾಲದ ಕೊಡಲಿಗಳನ್ನು ನೋಡಬೇಕೆಂದರೆ ಬಳ್ಳಾರಿಯಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನಾನು ಅಲ್ಲಿಗೆ ಮೊದಲ ಸಲ ಹೋಗಿ ಬಂದ ರಾತ್ರಿ ನಿದ್ದೆ ಮಾಡಲಿಲ್ಲ.

ಹೀಗೆ ಕಲ್ಲು ಸಿಕ್ಕಿತು. ಹುಡುಗಿ ಸಿಗಲಿಲ್ಲ.

ಮೊದಲ ಸಲ ಬರೆದಾಗ ನನ್ನ ಹುಲಿಗಿ ಎಲ್ಲದರಲ್ಲೂ ಮುಂದೆ. ಓದಿನಲ್ಲಿ ಮೊದಲು, ಅವ್ವನ ಕಷ್ಟಕ್ಕೆ ಮೊದಲು, ಊರಿಗೆ ಅಪಾಯ ಬಂದರೆ ಎದೆ ಕೊಟ್ಟು ನಿಲ್ಲುವುದಕ್ಕೂ ಮೊದಲು. ಬಡ ಮನೆಯ ಹುಡುಗಿಯನ್ನು ನಾಯಕಿ ಮಾಡುತ್ತಿದ್ದೇನೆ, ಅವಳಲ್ಲಿ ಒಂದು ಕಲೆಯೂ ಇರಬಾರದು ಅಂತ ನನಗೆ ಅನಿಸಿತ್ತು. ಆ ಪ್ರೀತಿ ನಿಜವಾದದ್ದು. ಆದರೆ ಕಥೆಗೆ ಅದರಿಂದ ಉಪಯೋಗವಾಗಲಿಲ್ಲ. ನನ್ನ ಅಕ್ಕನ ಮಗಳಿಗೆ ಆಗ 15 ವರ್ಷ. ಅವಳಿಗೆ ಓದಲು ಕೊಟ್ಟೆ. 40 ಪುಟ ಓದಿ ವಾಪಸ್ ತಂದಳು.

"ಚಿಗವ್ವ, ಈಕಿ ಭಾಳ ಒಳ್ಳೇಕಿ. ಈಕಿ ನನ್ನ ಕ್ಲಾಸಿನ್ಯಾಗ ಇದ್ರೆ ನಾನು ಮಾತಾಡ್ಸ್ತಿರಲಿಲ್ಲ."

ಎರಡನೇ ಸಲ ನಾನು ಜಾಣತನ ಮಾಡಲು ಹೋದೆ. ಹುಲಿಗಿಗೆ ಕೊರತೆಗಳನ್ನು ಅಂಟಿಸಿದೆ. ದಿನಾ ಲೇಟಾಗಿ ಏಳುತ್ತಾಳೆ, ನಡೆಯುವಾಗ ಎಡವುತ್ತಾಳೆ, ಮೂಗಿನ ತುದಿಯಲ್ಲೇ ಸಿಟ್ಟು. ಈ ಬಗೆಯ ಕಥೆಗಳಲ್ಲಿ ಇಂಥ ನಾಯಕಿಯರು ಜಾಸ್ತಿ ಸಿಗುತ್ತಾರೆ. ಅಕ್ಕನ ಮಗಳು ಈ ಸಲ ಪೂರ್ತಿ ಓದಿದಳು, ಆದರೆ ಅವಳ ಮಾತು ಇನ್ನೂ ನೇರವಾಗಿತ್ತು. "ಇವು ತಪ್ಪೇನು ಚಿಗವ್ವ? ಈಕಿ ಎಡವಿದ್ರೆ ಯಾರಿಗೇನಾತು?"

ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಿದೆ. ಯಾರಿಗೇನಾತು? ನಾಯಕಿಯ ತಪ್ಪಿನಿಂದ ಇನ್ನೊಬ್ಬರಿಗೆ ಏನೂ ಆಗದಿದ್ದರೆ ಅದು ತಪ್ಪಲ್ಲ, ಒಡವೆ. ಕಿವಿಗೆ ಓಲೆ ಹಾಕಿದ ಹಾಗೆ ಹಾಕಿರುತ್ತೇವೆ, ಬೇಡ ಅಂದರೆ ತೆಗೆದಿಡುತ್ತೇವೆ. ಓದುವ ಮಕ್ಕಳು ಅದನ್ನು ತಕ್ಷಣ ಹಿಡಿಯುತ್ತಾರೆ. 16 ವರ್ಷದವರು ದಿನಾ ಎಂಥೆಂಥ ತಪ್ಪುಗಳ ಭಾರ ಹೊತ್ತು ಓಡಾಡುತ್ತಾರೆ ಅಂತ ನಾವು ದೊಡ್ಡವರು ಮರೆತಿರುತ್ತೇವೆ, ಅಲ್ವಾ?

ನಾನೂ ಮರೆತಿದ್ದೆ. ನೆನಪಾದ ದಿನದಿಂದ ಪುಸ್ತಕ ಬದಲಾಯಿತು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಪರೀಕ್ಷೆಯ ಫೀಸಿಗೆ ಅಂತ ಅವ್ವ ಕೊಟ್ಟ ದುಡ್ಡನ್ನು ಖರ್ಚು ಮಾಡಿಬಿಟ್ಟೆ. ಬಳೆ, ರಿಬ್ಬನ್, ಗೆಳತಿಯರಿಗೆ ಒಗ್ಗರಣೆ ಮಿರ್ಚಿ. ಒಂದು ದಿನ ನಾಲ್ಕು ಜನರ ಮುಂದೆ ಕೈಬಿಚ್ಚಿ ದುಡ್ಡು ಕೊಡಬೇಕು ಅನ್ನೋ ಆಸೆ ಇತ್ತು, ಅಷ್ಟೇ. ಸಂಜೆ ಅವ್ವ ಕೇಳಿದಾಗ ನನ್ನ ಬಾಯಿಂದ ಪಕ್ಕದ ಮನೆಯ ಹುಡುಗಿಯ ಹೆಸರು ಬಂತು. ಅವಳೇ ನನ್ನ ಚೀಲ ತೆಗೆದಿದ್ದಳು ಅಂದೆ. ಆ ರಾತ್ರಿ ಅವಳ ಮನೆಯಿಂದ ಏಟಿನ ಸದ್ದು ಕೇಳಿತು. ನಮ್ಮೆರಡು ಮನೆಗೂ ನಡುವೆ ಒಂದೇ ಕಲ್ಲಿನ ಗೋಡೆ. ನಾನು ಅದಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಎದ್ದು ಹೋಗಿ ನಿಜ ಹೇಳಲಿಲ್ಲ. ಮಾರನೇ ದಿನವೂ ಹೇಳಲಿಲ್ಲ.

ಕಲ್ಲಿನ ಮಾತು ಕೇಳುವ ಹುಡುಗಿಯ ಕಥೆ ನನಗೆ ಯಾಕೆ ಹೊಳೆಯಿತು ಅಂತ ಆಗ ಗೊತ್ತಾಯಿತು. ಮೂರನೇ ಸಲ ಬರೆಯಲು ಕೂತಾಗ ಮೊದಲು ಬರೆದಿದ್ದು ಎರಡು ಸಾಲು. ಕಲ್ಲು ಸುಳ್ಳು ಹೇಳುವುದಿಲ್ಲ. ಹುಲಿಗಿ ಹೇಳುತ್ತಾಳೆ.

ಇಲ್ಲಿಂದ ಕೆಲಸ ತಾನಾಗಿ ಸಾಗಿತು. ಯಾಕೆಂದರೆ ಅವಳ ಶಕ್ತಿ ಮತ್ತು ಅವಳ ತಪ್ಪು ಒಂದೇ ಬೇರಿನಿಂದ ಹುಟ್ಟಿದ್ದವು. ಕಲ್ಲಿಗೆ ಎಲ್ಲ ಗೊತ್ತು, ಆದರೆ ಕೇಳುವವಳು ಇವಳೊಬ್ಬಳೇ. ಇವಳು ಏನು ಹೇಳುತ್ತಾಳೋ ಅದೇ ಸಾಕ್ಷಿ. ಸುಳ್ಳು ಹೇಳುವ ಹುಡುಗಿಯ ಕೈಗೆ ಇಂಥ ಸಾಕ್ಷಿ ಸಿಕ್ಕರೆ ಏನಾಗಬಹುದು? ಕೊರತೆಯನ್ನು ಹೊರಗಿಂದ ಅಂಟಿಸದೆ ಮಾಯೆಯ ಒಳಗಿಂದಲೇ ತೆಗೆದರೆ ಕಥೆಗೆ ಬೇರೆ ಖಳನಾಯಕನನ್ನು ಹುಡುಕುವ ತಾಪತ್ರಯವೂ ಕಡಿಮೆಯಾಗುತ್ತದೆ.

ಅವಳು ಮೊದಲ ಸಲ ಕಲ್ಲಿನ ಮಾತು ಕೇಳುವ ಜಾಗ ಕಪ್ಪಗಲ್ಲಿನ ಗುಡ್ಡ ಅಂತ ಮೊದಲು ಬರೆದಿದ್ದೆ. ಸೂರ್ಯ ಮುಳುಗುವ ಹೊತ್ತು, ಗಾಳಿ, ನಾದ. ಓದಲು ಚೆನ್ನಾಗಿತ್ತು. ಆದರೆ ಹುಲಿಗಿಯಂಥ ಹುಡುಗಿ ಸುಮ್ನೆ ಗುಡ್ಡಕ್ಕೆ ಯಾಕೆ ಹೋಗುತ್ತಾಳೆ? ಅವಳ ಅವ್ವ ಜೀನ್ಸ್ ಕೆಲಸದವಳು. ನಮ್ಮ ಊರಲ್ಲಿ ಜೀನ್ಸ್ ಹೊಲಿಯುವುದು ಎಷ್ಟೋ ಮನೆಗಳ ಅನ್ನ. ಹೊಲಿದ ಪ್ಯಾಂಟಿನ ದಾರ ಕತ್ತರಿಸುವುದು, ಬಟನ್ ಹಾಕುವುದು, ಪೀಸಿಗೆ ಇಷ್ಟು ಅಂತ ಲೆಕ್ಕ. ನಾನೂ ಒಂದು ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವಳು. ಒಂದು ದಿನ ವಾಷಿಂಗ್ ಯೂನಿಟ್‌ಗೆ ಬಿಲ್ ಕೊಡಲು ಹೋದಾಗ ಬಾಗಿಲ ಹತ್ತಿರ ಚೀಲಗಳನ್ನು ಪೇರಿಸಿದ್ದರು. ಒಳಗೆ ಬೂದಿ ಬಣ್ಣದ ಹಗುರ ಕಲ್ಲು. ಪ್ಯೂಮಿಸ್. ಜ್ವಾಲಾಮುಖಿಯಿಂದ ಹುಟ್ಟುವ ಕಲ್ಲು, ಒಳಗೆಲ್ಲ ಗಾಳಿಯ ತೂತು, ನೀರಲ್ಲಿ ತೇಲುತ್ತದೆ. ಹೊಸ ಜೀನ್ಸಿನ ಜೊತೆ ಇದನ್ನು ದೊಡ್ಡ ಡ್ರಮ್ಮಿಗೆ ಹಾಕಿ ತಿರುಗಿಸುತ್ತಾರೆ. ಕಲ್ಲು ಉಜ್ಜಿ ಉಜ್ಜಿ ಬಟ್ಟೆಯ ನೀಲಿ ಅಲ್ಲಲ್ಲಿ ಮಾಸುತ್ತದೆ. ಸ್ಟೋನ್ ವಾಶ್ ಅನ್ನುವುದು ಇದನ್ನೇ.

ಎಷ್ಟೋ ವರ್ಷದಿಂದ ಕಣ್ಣ ಮುಂದೆ ಇದ್ದ ಕಲ್ಲು! ನಾನು ಅಲ್ಲೇ ಚೀಲದ ಪಕ್ಕ ನಿಂತು ಬಿಲ್ಲಿನ ಹಿಂದೆ ಬರೆದುಕೊಂಡೆ. ಈಗ ಪುಸ್ತಕದಲ್ಲಿ ಹುಲಿಗಿ ಅವ್ವನಿಗೆ ಬುತ್ತಿ ಕೊಡಲು ಯೂನಿಟ್‌ಗೆ ಹೋಗುತ್ತಾಳೆ, ಚೀಲದ ಮೇಲೆ ಕೈ ಊರುತ್ತಾಳೆ, ಅವಳಿಗೆ ಅರ್ಥವಾಗದ ಯಾವುದೋ ದೂರದ ಭಾಷೆ ಕೇಳುತ್ತದೆ. ಆ ಕಲ್ಲು ಬೇರೆ ದೇಶದ್ದು. ಮಾಯೆ ಬೇಕು ಅಂತ ಕೋಟೆ, ಗುಹೆ ಹುಡುಕುವ ಮೊದಲು ನಿಮ್ಮ ನಾಯಕಿಯ ಅವ್ವ ಎಲ್ಲಿ ದುಡಿಯುತ್ತಾಳೆ ಅಂತ ನೋಡಿ.

ಕೋಟೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬಳ್ಳಾರಿ ಗುಡ್ಡದ ಕೋಟೆಯ ಬಗ್ಗೆ ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಇದೆ. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆ ಬಲಪಡಿಸಿದನಂತೆ. ಆಮೇಲೆ ನೋಡಿದರೆ ಎದುರಿಗಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ಕೋಟೆಗೆ ಗುರಿ ಇಡಬಹುದು. ಸಿಟ್ಟಾಗಿ ಎಂಜಿನಿಯರ್‌ನನ್ನು ಗಲ್ಲಿಗೇರಿಸಿದನಂತೆ. ಅವನ ಸಮಾಧಿ ಪೂರ್ವದ ಬಾಗಿಲ ಹತ್ತಿರ ಇದೆ ಅಂತ ಜನ ಹೇಳುತ್ತಾರೆ. ಈ ಎಂಜಿನಿಯರ್‌ನ ದನಿಯನ್ನು ಹುಲಿಗಿಯ ಗುರು ಮಾಡಿದ್ದೆ. ತಪ್ಪು ಮಾಡಿ ಸತ್ತವನು, ತಪ್ಪು ಮಾಡುವ ಹುಡುಗಿಗೆ ಬುದ್ಧಿ ಹೇಳುತ್ತಾನೆ. ಮೂರನೇ ಕರಡಿನ 30 ಪುಟ ಅವನದ್ದೇ. ಓದಿ ನೋಡಿದರೆ ಬರೀ ಉಪದೇಶ. ಹದಿಹರೆಯದ ಓದುಗರಿಗೆ ಶಾಲೆಯಲ್ಲಿ, ಮನೆಯಲ್ಲಿ, ಜಾತ್ರೆಯಲ್ಲಿ ಎಲ್ಲ ಕಡೆ ಬುದ್ಧಿ ಹೇಳುವವರಿದ್ದಾರೆ. ಕಲ್ಲಾದರೂ ಸುಮ್ನಿರಲಿ ಅಂತ ಅಷ್ಟೂ ತೆಗೆದೆ. ಈಗ ಪುಸ್ತಕದಲ್ಲಿ ಯಾವ ಕಲ್ಲೂ ಹುಲಿಗಿಯ ಜೊತೆ ಮಾತಾಡುವುದಿಲ್ಲ. ಕೇಳಿದ್ದನ್ನು ವಾಪಸ್ ಕೊಡುತ್ತದೆ, ಅಷ್ಟೇ.

ಇನ್ನು ಅವಳ ದೊಡ್ಡ ಸುಳ್ಳು. ಅದನ್ನೇ ಹನ್ನೊಂದು ಸಲ ತಿದ್ದಿದ್ದೇನೆ.

ಯೂನಿಟ್‌ನಿಂದ ಒಂದು ರಾತ್ರಿ ಜೀನ್ಸ್ ಬಂಡಲ್‌ಗಳು ಕಳುವಾಗುತ್ತವೆ. ಹುಲಿಗಿ ಕಲ್ಲಿನ ಮೇಲೆ ಕೈ ಇಟ್ಟರೆ ತನ್ನ ಅಣ್ಣನ ದನಿ ಕೇಳುತ್ತದೆ. ಅಣ್ಣನ ಮೇಲೆ ಸಾಲ ಇದೆ. ಅಷ್ಟರಲ್ಲಿ ಅವಳಿಗೆ ಕಲ್ಲಿನ ಮಾತು ಕೇಳುತ್ತದೆ ಅಂತ ಕೆಲವರಿಗೆ ಗೊತ್ತಾಗಿರುತ್ತದೆ, ಅವಳನ್ನು ನಂಬುತ್ತಾರೆ. ಯಾರು ಅಂತ ಕೇಳುತ್ತಾರೆ. ಅವಳು ವಾಚ್‌ಮನ್ ತಾತನ ಹೆಸರು ಹೇಳುತ್ತಾಳೆ. ದಿನಾ ಸಂಜೆ ಅವಳ ಕೈಗೆ ಒಂದು ಹಿಡಿ ಮಂಡಕ್ಕಿ ಹಾಕುತ್ತಿದ್ದ ತಾತ.

ಮೊದಲು ಈ ಜಾಗದಲ್ಲಿ ಅವಳಿಗೆ ನೆಪ ಕೊಟ್ಟಿದ್ದೆ. ಯಾರೋ ಹೆದರಿಸಿದರು, ಬಾಯಿ ತಪ್ಪಿತು, ಹೀಗೆ. ಓದುಗರು ಅವಳನ್ನು ಕೈಬಿಟ್ಟಾರು ಅನ್ನುವ ಭಯ ನನಗೆ. ಆದರೆ ನೆಪ ಕೊಟ್ಟಷ್ಟೂ ಹುಲಿಗಿ ಸಣ್ಣವಳಾಗುತ್ತಿದ್ದಳು. ನೆಪಗಳನ್ನು ಒಂದೊಂದಾಗಿ ಕಿತ್ತೆ. ಅದರ ಬದಲು ಆ ಪ್ರಸಂಗಕ್ಕೆ ಎರಡು ಪುಟ ಮುಂಚೆ ಅವಳಿಗೆ ಏನು ಬೇಕಿತ್ತು ಅಂತ ಬರೆದೆ. ಅಣ್ಣ ಮನೆಗೆ ಬಂದು ಉಣ್ಣಬೇಕು. ಜೀನ್ಸಿನ ಇಂಡಿಗೊ ಬಣ್ಣ ಹತ್ತಿ ನೀಲಿಯಾದ ಉಗುರಿನ ಕೈಯಲ್ಲಿ ಅವ್ವ ರೊಟ್ಟಿ ತಟ್ಟಬೇಕು. ಮೂರು ಜನ ಒಟ್ಟಿಗೆ ಕೂರಬೇಕು. ಇಷ್ಟೇ ಆಸೆ. ಆಮೇಲೆ ಸುಳ್ಳು, ಒಂದೇ ಸಾಲಿನಲ್ಲಿ. "ತಾತನ ದನಿ ಕೇಳ್ತು." ಅದರ ಹಿಂದೆ ಮುಂದೆ ವಿವರಣೆ ಇಲ್ಲ. ಆಸೆ ಗೊತ್ತಿದ್ದರೆ ಓದುವವರು ತಪ್ಪನ್ನು ಒಪ್ಪದಿದ್ದರೂ ಹುಡುಗಿಯ ಪಕ್ಕದಲ್ಲೇ ಕೂತಿರುತ್ತಾರೆ.

ತಪ್ಪಿನ ಬೆಲೆ ಬೇಗ ತೀರಬಾರದು ಅನ್ನುವುದನ್ನೂ ಬರೆಯುತ್ತಲೇ ಕಲಿತೆ. ಮೂರನೇ ಕರಡಿನಲ್ಲಿ ಹುಲಿಗಿ ಮುಂದಿನ ಅಧ್ಯಾಯದಲ್ಲೇ ಅತ್ತು, ಕ್ಷಮೆ ಕೇಳಿ, ಊರನ್ನು ಕಾಪಾಡಿ ಎಲ್ಲ ಸರಿಯಾಗಿತ್ತು. ಈಗ ಹಾಗಿಲ್ಲ. ತಾತ ಕೆಲಸ ಕಳೆದುಕೊಳ್ಳುತ್ತಾನೆ. ಯಾರೂ ಅವನಿಗೆ ಮತ್ತೆ ಕಾವಲು ಕೆಲಸ ಕೊಡುವುದಿಲ್ಲ. ಮುಂದೆ ಕಪ್ಪಗಲ್ಲಿನ ನಾದದ ಬಂಡೆಗಳಿಗೆ ಸಿಡಿಮದ್ದು ಇಡುವ ಮಾತು ಹುಲಿಗಿಗೆ ಕಲ್ಲಿನಿಂದಲೇ ಕೇಳುತ್ತದೆ. ಆ ಬೆಟ್ಟಗಳಿಗೆ ಕಲ್ಲು ಗಣಿಯ ಕಾಟ ನಿಜವಾಗಿಯೂ ತಟ್ಟಿದೆ. ಅಷ್ಟು ಹೊತ್ತಿಗೆ ಅವಳು ಸುಳ್ಳಿ ಅಂತ ಊರಿಗೆ ಗೊತ್ತಾಗಿರುತ್ತದೆ. ನಿಜ ಹೇಳಿದರೂ ಯಾರೂ ಕೇಳುವುದಿಲ್ಲ. ಆಗ ಅವಳು ಇನ್ನೊಬ್ಬರಿಗೆ ಕಲ್ಲಿನ ಮಾತು ಕೇಳಿಸಲು ಕಲಿಯಬೇಕಾಗುತ್ತದೆ. ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಪುಸ್ತಕದಲ್ಲಿದೆ.

ಭಾಷೆಯ ಬಗ್ಗೆ ಒಂದು ಮಾತು. ಹುಲಿಗಿ ನಮ್ಮ ಕಡೆಯ ಮಾತೇ ಆಡುತ್ತಾಳೆ. ಟ್ಯೂಷನ್‌ನಲ್ಲಿ ಹರ್ಷಿತಾ ಆಗಿದ್ದಾಗ ಮಾತ್ರ ಪುಸ್ತಕದ ಕನ್ನಡ. ಒಂದು ಕಡೆ ಸುಳ್ಳು ಹೇಳುವ ಭರದಲ್ಲಿ ಬಾಯಿ ಜಾರಿ "ಇಲ್ಲ, ನನಗೊತ್ತಿಲ್ಲ ಬಿಡ್ರಿ" ಅಂದುಬಿಡುತ್ತಾಳೆ, ಪಕ್ಕದವಳಿಗೆ ಅಲ್ಲೇ ಅನುಮಾನ. ತೆಲುಗು, ಉರ್ದು ಕೂಡ ಬಂದುಹೋಗುತ್ತವೆ. ಬಳ್ಳಾರಿಯ ಕೌಲ್ ಬಜಾರಿನ ಪ್ರಸಂಗ ಬರೆದು ಅವೆರಡೂ ಇಲ್ಲ ಅಂದರೆ ಆಗುತ್ತದೆಯೇ?

ಊರಿನ ದುರ್ಗಮ್ಮನ ಗುಡಿ, ಅವಳ ಜಾತ್ರೆಯ ಸಿಡಿಬಂಡಿ ಕಥೆಯಲ್ಲಿವೆ. ಆದರೆ ದೇವಿಯನ್ನು ಪಾತ್ರ ಮಾಡಲಿಲ್ಲ. ದೇವಿ ಬಂದು ತಪ್ಪನ್ನು ತೊಳೆದುಬಿಟ್ಟರೆ ಹುಲಿಗಿಗೆ ಏನು ಕೆಲಸ ಉಳಿಯಿತು?

ನಾಲ್ಕನೇ ಕರಡು ಮುಗಿಸಿದ್ದು ಹೋದ ಬೇಸಿಗೆಯಲ್ಲಿ. ಬೆಳಗ್ಗೆ ಐದರಿಂದ ಏಳು, ಬಿಸಿಲು ಏರುವ ಮೊದಲು ಬರೆಯುತ್ತಿದ್ದೆ. ಅಕ್ಕನ ಮಗಳು ಈಗ ಪಿಯು ಮುಗಿಸಿದ್ದಾಳೆ. ಅವಳಿಗೇ ಮೊದಲು ಕೊಟ್ಟೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ದನಿಯಲ್ಲಿ ಸಿಟ್ಟು.

"ಚಿಗವ್ವ, ಯಾಕ ಹಂಗ ಮಾಡಿದ್ಲು ಈಕಿ? ತಾತ ಏನ್ ಮಾಡಿದ್ದ ಈಕಿಗೆ?"

"ಏನೂ ಮಾಡಿರಲಿಲ್ಲ."

"ಮತ್ತೆ ತಾತನ ಮನೀಗೆ ಹೋಗಿ ಹೇಳಾಕ ಏನಾಗೇತಿ? ಹೋಗು ಅನ್ನು ಆಕಿಗೆ."

"ಈಗ ಎಷ್ಟನೇ ಪುಟದಾಗ ಅದೀ?"

"ನೂರಾ ಎಂಬತ್ತು."

"212ರಾಗ ಹೋಗ್ತಾಳ. ಓದು."

ಅವಳು ಫೋನ್ ಇಟ್ಟಳು.